ಕಪಾಟಿಗೂ ಕಟ್ಟೆಕಲ್ಲಿಗೂ ಒಪ್ಪುವ ಬ್ಯಾಕ್‌ಸ್ಪ್ಲಾಶ್ ಟೈಲ್ಸ್: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಅಡುಗೆ ಕಟ್ಟೆಗೂ ಅದರ ಮೇಲಿನ ಕಪಾಟುಗಳಿಗೂ ನಡುವೆ ಉಳಿಯುವ ಗೋಡೆಯೇ ಬ್ಯಾಕ್‌ಸ್ಪ್ಲಾಶ್. ಅದರ ಎತ್ತರ ಸಾಮಾನ್ಯವಾಗಿ ಒಂದೂವರೆ ಅಡಿ, ಅಂದರೆ ಸುಮಾರು 450 ಮಿ.ಮೀ. ಅಳತೆಯಲ್ಲಿ ಸಣ್ಣದಾದರೂ ಕಟ್ಟೆಯ ಮುಂದೆ ನಿಂತವರ ಕಣ್ಣು ಹೆಚ್ಚು ಹೊತ್ತು ಇರುವುದು ಅಲ್ಲೇ. ಮೇಲೆ ಕಪಾಟನ್ನೂ ಕೆಳಗೆ ಕಲ್ಲನ್ನೂ ಒಟ್ಟಿಗೆ ಮುಟ್ಟುವ ಮೇಲ್ಮೈಯೂ ಅದೊಂದೇ. ಹಾಗಾಗಿ ಅಲ್ಲಿನ ಟೈಲ್ಸ್ ಒಪ್ಪದಿದ್ದರೆ ಕಪಾಟೇ ಚೆನ್ನಾಗಿಲ್ಲವೇನೋ, ಕಲ್ಲೇ ತಪ್ಪಾಯಿತೇನೋ ಎಂಬ ಅನುಮಾನ ಶುರುವಾಗುತ್ತದೆ. ಎರಡೂ ತಮ್ಮಷ್ಟಕ್ಕೆ ಸರಿಯಾಗಿಯೇ ಇರುತ್ತವೆ.

ಉಳಿದ ಹಂತಗಳೆಲ್ಲ ನಿಂತಿರುವ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಟೈಲ್ಸ್ ತನ್ನ ಪಕ್ಕದ ವಸ್ತುವಿನೊಂದಿಗೆ ಒಂದೋ ಪೂರ್ತಿ ಒಂದಾಗಬೇಕು, ಇಲ್ಲವೇ ಎದ್ದು ಕಾಣುವಷ್ಟು ಬೇರೆಯಾಗಬೇಕು. ‘ಹೆಚ್ಚುಕಡಿಮೆ ಅದೇ ಬಣ್ಣ’ ಎಂಬುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಶ್ರುತಿ ಕೂದಲೆಳೆಯಷ್ಟು ತಪ್ಪಿದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಂತೆ, ಏನು ತಪ್ಪಿದೆ ಎಂದು ತಿಳಿಯದಿದ್ದರೂ ಅದು ಕಿರಿಕಿರಿ ಮಾಡುತ್ತಲೇ ಇರುತ್ತದೆ. ಕೆನೆಬಣ್ಣದ ಕಪಾಟಿನ ಕೆಳಗೆ ಅಪ್ಪಟ ಬಿಳಿ ಟೈಲ್ಸ್ ಹಾಕಿದರೆ ಕಪಾಟು ಹಳತಾಗಿ ಹಳದಿಗಟ್ಟಿದಂತೆ ಕಾಣುವುದು ಇದೇ ಕಾರಣಕ್ಕೆ.

ಮೊದಲ ಹಂತ: ಯಾವುದು ಮೊದಲು, ಯಾವುದು ಕೊನೆಗೆ

ಕಪಾಟು ಮೊದಲು, ಕಟ್ಟೆಕಲ್ಲು ಆಮೇಲೆ, ಟೈಲ್ಸ್ ಕೊನೆಗೆ. ಇದು ಆಯ್ಕೆಯ ವಿಸ್ತಾರದ ಲೆಕ್ಕ. ಕಲ್ಲಿನ ಚಪ್ಪಡಿಗಳಲ್ಲಿ ಸಿಗುವ ಬಣ್ಣ ಮತ್ತು ವಿನ್ಯಾಸ ಸೀಮಿತ. ನೈಸರ್ಗಿಕ ಕಲ್ಲಾದರೆ ಒಂದು ಚಪ್ಪಡಿಯಂತೆ ಇನ್ನೊಂದು ಇರುವುದಿಲ್ಲ. ಟೈಲ್ಸ್‌ನಲ್ಲಿ ಆಯ್ಕೆಗೆ ಕೊನೆಯಿಲ್ಲ. ಕಡಿಮೆ ಆಯ್ಕೆ ಇರುವುದನ್ನು ಮೊದಲು ಗಟ್ಟಿ ಮಾಡಿಕೊಂಡು, ಹೆಚ್ಚು ಆಯ್ಕೆ ಇರುವುದನ್ನು ಅದಕ್ಕೆ ಒಗ್ಗಿಸಿಕೊಳ್ಳುವುದು ಸುಲಭ. ಮನಸೋತ ಟೈಲ್ಸ್ ಒಂದನ್ನು ಮೊದಲೇ ಕೊಂಡು, ಅದಕ್ಕೊಪ್ಪುವ ಕಲ್ಲನ್ನು ಹುಡುಕಿ ಅಲೆದವರು ಕೊನೆಗೆ ರಾಜಿಯಾಗುವುದು ಕಲ್ಲಿನ ವಿಷಯದಲ್ಲಿ. ಕಲ್ಲು ಟೈಲ್ಸ್‌ಗಿಂತ ದುಬಾರಿ, ಬದಲಿಸುವುದೂ ಕಷ್ಟ.

ಅಳತೆಯನ್ನೂ ಕಲ್ಲು ಕೂತ ಮೇಲೆಯೇ ತೆಗೆದುಕೊಳ್ಳಿ. ನಕ್ಷೆಯಲ್ಲಿ 450 ಮಿ.ಮೀ. ಇದ್ದದ್ದು ಕಲ್ಲಿನ ದಪ್ಪ, ಗೋಡೆಯ ಓರೆಕೋರೆ ಸೇರಿ 440 ಆಗಿರಬಹುದು. ಆ ಹತ್ತು ಮಿ.ಮೀ. ಎಷ್ಟು ಮುಖ್ಯ ಎಂಬುದು ಸಾಲುಗಳ ಲೆಕ್ಕಕ್ಕೆ ಬಂದಾಗ ಗೊತ್ತಾಗುತ್ತದೆ.

ಎರಡನೆಯ ಹಂತ: ಒಳಛಾಯೆ ಗುರುತಿಸುವುದು

ಬಿಳಿ ಎಂದು ಕರೆಯುವ ಬಣ್ಣಗಳಲ್ಲಿ ಹಳದಿ ಬೆರೆತದ್ದು, ಗುಲಾಬಿ ಬೆರೆತದ್ದು, ನೀಲಿ ಅಥವಾ ಹಸಿರು ಬೆರೆತದ್ದು ಎಲ್ಲವೂ ಇವೆ. ಬೂದು ಬಣ್ಣದಲ್ಲಂತೂ ಈ ಒಳಛಾಯೆ ಇನ್ನೂ ಮೋಸಗೊಳಿಸುತ್ತದೆ. ಒಂಟಿಯಾಗಿ ನೋಡಿದಾಗ ಅದು ಕಾಣುವುದೇ ಇಲ್ಲ, ಪಕ್ಕದಲ್ಲಿ ಇನ್ನೊಂದು ಇದ್ದಾಗಲೇ ಹೊರಬರುತ್ತದೆ.

ಇದಕ್ಕೆ ಬೇಕಾಗುವುದು ಒಂದು ಅಚ್ಚ ಬಿಳಿ ಹಾಳೆ. ಮುದ್ರಣಕ್ಕೆ ಬಳಸುವ ಸಾಮಾನ್ಯ ಹಾಳೆ ಸಾಕು. ಹಗಲು ಬೆಳಕಿನಲ್ಲಿ ಕಪಾಟಿನ ಬಾಗಿಲಿಗೆ ಆ ಹಾಳೆಯನ್ನು ಒತ್ತಿ ಹಿಡಿದು ಅಂಚನ್ನು ನೋಡಿ. ಹಾಳೆಯ ಪಕ್ಕದಲ್ಲಿ ಬಾಗಿಲು ಬೆಣ್ಣೆಯಂತೆ ಕಂಡರೆ ಅದು ಬೆಚ್ಚನೆಯ ಬಿಳಿ, ನೀಲಿ ಅಥವಾ ಬೂದು ಹೊಡೆದರೆ ತಣ್ಣನೆಯದು. ಕಲ್ಲಿನ ಮೇಲೂ ಹೀಗೇ ಹಾಳೆ ಹರಡಿ ನೋಡಿ. ಹಲವು ಬಣ್ಣದ ಕಾಳುಗಳಿರುವ ಕಲ್ಲಾದರೆ ಹಾಳೆಯ ನಡುವೆ ಅಂಗೈಯಗಲದ ಕಿಂಡಿ ಕತ್ತರಿಸಿ ಅದರ ಮೂಲಕ ನೋಡಿ. ಉಳಿದ ಗದ್ದಲ ಮರೆಯಾಗಿ ನಿಜವಾದ ಮೂಲಬಣ್ಣ ಯಾವುದು, ಅಲ್ಲಲ್ಲಿ ಇಣುಕುವುದು ಯಾವುದು ಎಂದು ಬೇರೆಬೇರೆಯಾಗಿ ಕಾಣುತ್ತದೆ. ಕಂಡದ್ದನ್ನು ಬರೆದಿಟ್ಟುಕೊಳ್ಳಿ.

ಪಕ್ಕದ ಬಣ್ಣ ಇನ್ನೊಂದನ್ನು ಬದಲಿಸಿ ತೋರಿಸುವುದು ಬರಿಯ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್, ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ದೂರಕ್ಕೆ ತಳ್ಳಿದಂತೆ ಕಾಣುತ್ತವೆ ಎಂಬುದನ್ನು 1839ರಲ್ಲೇ ನಿಯಮವಾಗಿ ಬರೆದಿಟ್ಟ. ನೂಲಿನ ಬಣ್ಣ ಮಂಕಾಗಿದೆ ಎಂಬ ದೂರುಗಳ ಬೆನ್ನು ಹತ್ತಿದ ಅವನಿಗೆ ಸಿಕ್ಕ ಉತ್ತರ ಪಕ್ಕದ ನೂಲಿನಲ್ಲಿತ್ತು. ಅಡುಗೆಮನೆಯಲ್ಲಿ ಇದರ ಪರಿಣಾಮ ನೇರ: ಜೇನುಬಣ್ಣದ ಓಕ್ ಕಪಾಟಿನ ಪಕ್ಕ ನೀಲಿ ಛಾಯೆಯ ಬೂದು ಟೈಲ್ಸ್ ಬಂದರೆ ಮರ ಇನ್ನಷ್ಟು ಕಿತ್ತಳೆಯಾಗುತ್ತದೆ. ಮರದ ಕೆಂಪು, ಹಳದಿಯನ್ನು ತಣಿಸಬೇಕು ಎಂದುಕೊಂಡು ತಣ್ಣನೆಯ ಬೂದು ಹಾಕುವವರಿಗೆ ಸಿಗುವುದು ತದ್ವಿರುದ್ಧ ಫಲ. ಅಲ್ಲಿ ಬೇಕಾದದ್ದು ಬೆಚ್ಚನೆಯ ಬಿಳಿ, ಮರಳು ಬಣ್ಣ ಅಥವಾ ಮಣ್ಣಿನ ಛಾಯೆ ಇರುವ ಹಸಿರು.

ಮೂರನೆಯ ಹಂತ: ಮುಂದಾಳು ಒಬ್ಬರೇ

ಕಪಾಟು, ಕಲ್ಲು, ಟೈಲ್ಸ್ ಈ ಮೂರರಲ್ಲಿ ಒಂದು ಮಾತ್ರ ಮಾತನಾಡಬೇಕು, ಉಳಿದೆರಡು ಕೇಳಿಸಿಕೊಳ್ಳಬೇಕು. ಹತ್ತು ಅಡಿ ದೂರ ನಿಂತು ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಕಲ್ಲಿನ ಗೆರೆಗಳು, ಚುಕ್ಕೆಗಳು ಆಗಲೂ ಕಂಡರೆ ಮುಂದಾಳು ಕಲ್ಲೇ. ಆಗ ಟೈಲ್ಸ್ ಏಕಬಣ್ಣದ್ದಾಗಿರಲಿ, ಆಕಾರವೂ ಸರಳವಾಗಿರಲಿ. ಕಪ್ಪು, ಕಂದು, ಬೂದು ಕಾಳುಗಳು ತುಂಬಿದ ಗ್ರಾನೈಟ್‌ನ ಮೇಲೆ ಚಿತ್ರವಿನ್ಯಾಸದ ಟೈಲ್ಸ್ ಎಷ್ಟೇ ಸುಂದರವಾಗಿದ್ದರೂ ಎರಡೂ ಸೋಲುತ್ತವೆ. ಸಣ್ಣ ಮೊಸಾಯಿಕ್ ಕೂಡ ಅಲ್ಲಿ ಬೇಡ. ಕಲ್ಲಿನ ಕಾಳಿನಷ್ಟೇ ಗಾತ್ರದ ಚೂರುಗಳು ಗೋಡೆಯಲ್ಲೂ ಬಂದರೆ ಕಣ್ಣಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ.

ಹಾಗಾದರೆ ಇಂಥ ಕಲ್ಲಿಗೆ ಟೈಲ್ಸ್ ಬಣ್ಣ ಎಲ್ಲಿಂದ ತರುವುದು? ಕಲ್ಲಿನಲ್ಲಿ ಹೆಚ್ಚಾಗಿ ಹರಡಿರುವ ಬಣ್ಣವನ್ನು ಬಿಡಿ. ಅಪರೂಪಕ್ಕೆ ಕಾಣುವ, ತಿಳಿಯಾದ ಒಂದು ಬಣ್ಣವನ್ನು ಹಿಡಿಯಿರಿ. ಹಿನ್ನೆಲೆಯ ಬಣ್ಣವನ್ನೇ ಹಿಡಿಯಹೊರಟರೆ ಮತ್ತೆ ‘ಹೆಚ್ಚುಕಡಿಮೆ ಅದೇ’ ಎಂಬಲ್ಲಿಗೆ ಬಂದು ನಿಲ್ಲುತ್ತೀರಿ. ಅಪರೂಪದ ಬಣ್ಣವಾದರೆ ಕಲ್ಲಿಗೂ ಗೋಡೆಗೂ ನಂಟು ಉಳಿಯುತ್ತದೆ, ಅಂತರವೂ ಉಳಿಯುತ್ತದೆ.

ಕಲ್ಲು ಏಕಬಣ್ಣದ್ದು, ಕಪಾಟೂ ಸಾದಾ ಇದ್ದರೆ ಟೈಲ್ಸ್‌ಗೆ ಅವಕಾಶ ತೆರೆದುಕೊಳ್ಳುತ್ತದೆ. ವಿನ್ಯಾಸ, ಗಾಢ ಬಣ್ಣ, ಕೈಯಲ್ಲಿ ಮಾಡಿದ ಟೈಲ್ಸ್‌ನ ಏರುಪೇರು, ಇವೆಲ್ಲ ಅಲ್ಲಿ ಸಲ್ಲುತ್ತವೆ. ಇನ್ನು ಅಮೃತಶಿಲೆಯಂತೆ ಉದ್ದುದ್ದ ಗೆರೆ ಹರಿದ ಚಪ್ಪಡಿ ನಿಮ್ಮಲ್ಲಿದ್ದರೆ, ಅದೇ ಚಪ್ಪಡಿಯನ್ನು ಗೋಡೆಗೂ ಏರಿಸುವುದು ‘ಪೂರ್ತಿ ಒಂದಾಗುವ’ ದಾರಿ. ಟೈಲ್ಸ್ ಬಗ್ಗೆಯೇ ಬರೆಯುತ್ತಿದ್ದರೂ ಹೇಳುತ್ತೇನೆ, ಒಳ್ಳೆಯ ಗೆರೆಯಿರುವ ಚಪ್ಪಡಿಗೆ ಇದಕ್ಕಿಂತ ಮರ್ಯಾದೆಯ ಗೋಡೆ ಇಲ್ಲ. ಆದರೆ ಅಮೃತಶಿಲೆಯಂತೆ ಕಾಣಲು ಮುದ್ರಿಸಿದ ಟೈಲ್ಸ್ ತಂದು ನಿಜವಾದ ಅಮೃತಶಿಲೆಯ ಮೇಲೆ ನಿಲ್ಲಿಸಬೇಡಿ. ನಕಲಿನ ಗೆರೆಗಳು ಅಸಲಿನ ಪಕ್ಕದಲ್ಲಿ ಕ್ಷಣದಲ್ಲೇ ಸಿಕ್ಕಿಬೀಳುತ್ತವೆ.

ಬಣ್ಣಗಳ ತೂಕ ಸರಿಯಿದೆಯೇ ಎಂದು ತಿಳಿಯಲು ಮೊಬೈಲ್ ನೆರವಿಗೆ ಬರುತ್ತದೆ. ಬಾಗಿಲಿನ ತುಂಡು, ಕಲ್ಲಿನ ತುಂಡು, ಟೈಲ್ಸ್ ಮೂರನ್ನೂ ಜೋಡಿಸಿ ಚಿತ್ರ ತೆಗೆದು ಅದನ್ನು ಕಪ್ಪುಬಿಳುಪಿಗೆ ಬದಲಿಸಿ. ಮೂರೂ ಒಂದೇ ಬೂದಿಯಲ್ಲಿ ಕಲಸಿಹೋದರೆ ಅಡುಗೆಮನೆ ಮಂಕಾಗುತ್ತದೆ. ಒಂದಾದರೂ ಸ್ಪಷ್ಟವಾಗಿ ತಿಳಿಯಾಗಿರಬೇಕು ಅಥವಾ ಗಾಢವಾಗಿರಬೇಕು.

ಕಪಾಟಿನ ಬಣ್ಣ ನೋಡಿ ದಾರಿ ಹಿಡಿಯುವುದು

ಬಿಳಿ ಕಪಾಟಿಗೆ ಎಲ್ಲವೂ ಒಪ್ಪುತ್ತದೆ ಎನ್ನುತ್ತಾರೆ. ಬಿಳಿ ಟೈಲ್ಸ್ ಮಾತ್ರ ಸುಲಭವಾಗಿ ಒಪ್ಪುವುದಿಲ್ಲ. ಎರಡು ಬಿಳಿಗಳನ್ನು ಪಕ್ಕಪಕ್ಕ ಇಡುವುದಾದರೆ ಒಳಛಾಯೆ ಒಂದೇ ಆಗಿರಲಿ, ಮೈ ಮಾತ್ರ ಬೇರೆಯಾಗಿರಲಿ. ಕಪಾಟು ಮಂದ ಹೊಳಪಿನದಾದರೆ ಟೈಲ್ಸ್ ಗಾಜಿನಂತೆ ಹೊಳೆಯಲಿ, ಅಥವಾ ಅಲೆಅಲೆಯಾದ ಮೇಲ್ಮೈ ಇರಲಿ. ಆಗ ಅವು ಬೇರೆ ವಸ್ತುಗಳೆಂದು ಕಣ್ಣು ಒಪ್ಪಿಕೊಂಡು ಬಣ್ಣದ ಸಣ್ಣ ವ್ಯತ್ಯಾಸವನ್ನು ಕ್ಷಮಿಸುತ್ತದೆ. ಅದೂ ಬೇಡವೆನಿಸಿದರೆ ತಿಳಿ ಬೂದು, ತಿಳಿ ಹಸಿರು, ಮರಳು ಬಣ್ಣಗಳತ್ತ ಧೈರ್ಯವಾಗಿ ಎರಡು ಹೆಜ್ಜೆ ಸರಿಯಿರಿ.

ಮರದ ಕಪಾಟಿನಲ್ಲಿ ಮರದ ಕೆಂಪು, ಹಳದಿ ಛಾಯೆಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ. ಕೆಂಪು ಹೊಡೆಯುವ ಮರಕ್ಕೆ ಹಸಿರು ಛಾಯೆಯ ಟೈಲ್ಸ್ ಬಹಳ ಚೆನ್ನಾಗಿ ಕೂರುತ್ತದೆ, ಆದರೆ ಆ ಹಸಿರು ಮಂದವಾಗಿರಬೇಕು. ಮರದ ನಾರಿನ ವಿನ್ಯಾಸ ಎದ್ದು ಕಾಣುವಂಥದ್ದಾದರೆ ಮರವೇ ಮುಂದಾಳು, ಟೈಲ್ಸ್ ಸುಮ್ಮನಿರಲಿ. ಕಂದು ಬಣ್ಣದ, ಮರದಂತೆ ಕಾಣುವ ಟೈಲ್ಸ್ ಮರದ ಕಪಾಟಿನ ಕೆಳಗೆ ಎಂದಿಗೂ ಬೇಡ.

ಕಡುನೀಲಿ, ಕಡುಹಸಿರು, ಕಪ್ಪು ಕಪಾಟುಗಳು ಬೆಳಕನ್ನು ನುಂಗುತ್ತವೆ. ಮೇಲಿನ ಕಪಾಟಿನ ನೆರಳು ಬೇರೆ ಗೋಡೆಯ ಮೇಲೆ ಬೀಳುತ್ತದೆ. ಅಲ್ಲಿ ಹೊಳಪಿನ ತಿಳಿಬಣ್ಣದ ಟೈಲ್ಸ್ ದೀಪದಷ್ಟೇ ಕೆಲಸ ಮಾಡುತ್ತದೆ. ಮೇಲಿನ ಮತ್ತು ಕೆಳಗಿನ ಕಪಾಟುಗಳಿಗೆ ಬೇರೆಬೇರೆ ಬಣ್ಣವಿದ್ದರೆ ಟೈಲ್ಸ್ ಮೇಲಿನದ್ದರ ಕಡೆಗೆ ವಾಲಲಿ. ಕೆಳಗಿನ ಬಣ್ಣಕ್ಕೂ ಗೋಡೆಗೂ ನಡುವೆ ಹೇಗೂ ಕಲ್ಲು ಇದ್ದೇ ಇರುತ್ತದೆ. ಹಿಡಿಕೆ, ನಲ್ಲಿಗಳ ಲೋಹದ ಬಣ್ಣವನ್ನು ಕೊನೆಯಲ್ಲಿ ನೋಡಿದರೆ ಸಾಕು, ಅವನ್ನು ಬದಲಿಸುವುದು ಸುಲಭ.

ನಾಲ್ಕನೆಯ ಹಂತ: ಟೈಲ್ಸ್ ಯಾವುದರಿಂದ ಮಾಡಿದ್ದು

ಗೋಡೆಯ ಸಾಮಾನ್ಯ ಸೆರಾಮಿಕ್ ಟೈಲ್ಸ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರನ್ನು ಹೀರಬಲ್ಲದು, ಹೆಚ್ಚು ಬಿಸಿಯಲ್ಲಿ ಗಟ್ಟಿಯಾಗಿ ಸುಟ್ಟ ಪೋರ್ಸಲೀನ್ ಹೀರುವುದು ಶೇ. 0.5 ಅಥವಾ ಅದಕ್ಕಿಂತ ಕಡಿಮೆ. ಇದನ್ನು ಕೇಳಿ ಪೋರ್ಸಲೀನೇ ಬೇಕು ಎಂದು ಹಟ ಹಿಡಿಯಬೇಕಾಗಿಲ್ಲ. ಗೋಡೆಯ ಟೈಲ್ಸ್‌ನ ಮುಖಕ್ಕೆ ಗಾಜಿನಂಥ ಲೇಪ, ಅಂದರೆ ಗ್ಲೇಜ್ ಇರುತ್ತದೆ, ಎಣ್ಣೆ ಮತ್ತು ನೀರು ತಾಗುವುದು ಅದಕ್ಕೆ. ಸೆರಾಮಿಕ್ ಹಗುರ, ಕತ್ತರಿಸಲು ಸುಲಭ, ಬಣ್ಣಗಳೂ ಹೆಚ್ಚು. ಕಾಲ್ತುಳಿತಕ್ಕೆ ಎಷ್ಟು ತಾಳುತ್ತದೆ ಎಂದು ಹೇಳುವ ಪಿಇಐ ಶ್ರೇಣಿಯನ್ನು ಯಾರಾದರೂ ತೋರಿಸಿದರೆ ನಯವಾಗಿ ಬದಿಗಿಡಿ. ಅದು ನೆಲದ ಮಾತು, ಈ ಗೋಡೆಗೆ ಸಂಬಂಧವಿಲ್ಲ. ಗ್ಲೇಜ್‌ನಲ್ಲಿ ಬೇಕೆಂದೇ ಕೂದಲೆಳೆ ಬಿರುಕು ಮೂಡಿಸಿದ ಟೈಲ್ಸ್ ಆರಿಸಿದರೆ ಮಾತ್ರ ಸೀಲರ್ (ಬಿರುಕು, ರಂಧ್ರಗಳಿಗೆ ಜಿಡ್ಡು ಇಳಿಯದಂತೆ ತಡೆಯುವ ದ್ರವ) ಬಳಿಯಲೇಬೇಕು, ಇಲ್ಲದಿದ್ದರೆ ಆ ಬಿರುಕುಗಳೊಳಗೆ ಜಿಡ್ಡು ಇಳಿಯುತ್ತದೆ.

ಅಮೃತಶಿಲೆ, ಸುಣ್ಣಕಲ್ಲು, ಟ್ರಾವರ್ಟೈನ್ ಈ ಮೂರೂ ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್. ಇವಕ್ಕೆ ಎರಡು ಬಗೆಯ ಹಾನಿಯಾಗುತ್ತದೆ, ಎರಡನ್ನೂ ಒಂದೇ ಎಂದು ತಿಳಿದು ಮೋಸಹೋಗುವವರು ಹೆಚ್ಚು. ಒಂದು ಕಲೆ: ಎಣ್ಣೆ ಅಥವಾ ಬಣ್ಣದ ದ್ರವ ಕಲ್ಲಿನ ರಂಧ್ರಗಳಿಗೆ ಇಳಿಯುವುದು. ಸೀಲರ್ ಇದನ್ನು ತಡೆಯುತ್ತದೆ, ಕನಿಷ್ಠ ಒರೆಸಲು ಸಮಯ ಕೊಡುತ್ತದೆ. ಇನ್ನೊಂದು ತಿನ್ನುವಿಕೆ: ಹುಳಿ ಪದಾರ್ಥ ಸಿಡಿದ ಕಡೆ ಆಮ್ಲ ಕಲ್ಲನ್ನೇ ಕರಗಿಸಿ ಹೊಳಪನ್ನು ಕಿತ್ತುಹಾಕುವುದು. ಪಕ್ಕದಿಂದ ಬೆಳಕು ಬಿದ್ದಾಗ ನೀರು ಒಣಗಿದ ಗುರುತಿನಂಥ ಮಬ್ಬು ಮಚ್ಚೆ ಕಾಣುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಸಾಮಾನ್ಯ ಸೀಲರ್ ಇದನ್ನು ತಡೆಯಲಾರದು. ಅಮೃತಶಿಲೆಯೇ ಬೇಕೆಂದಿದ್ದರೆ ಹೊಳಪು ಹಾಕದ, ಮಂದ ಮೈಯ ತುಂಡುಗಳನ್ನು ಆರಿಸಿ. ಅದರ ಮೇಲೆ ಮಬ್ಬು ಮಚ್ಚೆ ಅಷ್ಟಾಗಿ ಕಾಣುವುದಿಲ್ಲ. ಸಿಮೆಂಟಿನ ಚಿತ್ರ ಟೈಲ್ಸ್‌ಗೂ ಆಮ್ಲದ ಭಯವಿದೆ, ಸೀಲರ್‌ನ ಅಗತ್ಯವೂ ಇದೆ.

ಮೊರಾಕ್ಕೋದ ಫೆಸ್ ನಗರಕ್ಕೆ ಹೆಸರು ತಂದ ಜೆಲ್ಲಿಜ್ ಟೈಲ್ಸ್ ಕೈಯಲ್ಲಿ ಮಾಡಿ, ಕೈಯಲ್ಲೇ ಅಂಚು ಕೆತ್ತಿದವು. ಒಂದರ ಬಣ್ಣ, ದಪ್ಪ, ಅಂಚು ಇನ್ನೊಂದರಂತಿಲ್ಲ. ಅಲ್ಲಲ್ಲಿ ಗ್ಲೇಜ್ ಚಕ್ಕೆ ಎದ್ದಿರುತ್ತದೆ. ಸಾದಾ ಕಪಾಟು, ಸಾದಾ ಕಲ್ಲು ಇರುವ ಅಡುಗೆಮನೆಗೆ ಜೀವ ತುಂಬುವುದರಲ್ಲಿ ಇದಕ್ಕೆ ಸಾಟಿಯಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಗೆರೆ ನೇರವಿರಬೇಕು, ಮೈ ಸಪಾಟಾಗಿರಬೇಕು ಎನ್ನುವವರು ಇದರ ತಂಟೆಗೆ ಹೋಗಬೇಡಿ, ಪ್ರತಿದಿನವೂ ಕಣ್ಣು ಚುಚ್ಚುತ್ತದೆ.

ಗಾಜಿನ ಟೈಲ್ಸ್ ಸ್ವಚ್ಛಗೊಳಿಸಲು ಅತಿ ಸುಲಭ. ಅದರ ಹಿಂದಿನ ಅಂಟು ಕಾಣುವುದರಿಂದ ಬಿಳಿ ಅಂಟನ್ನೇ ಬಳಸಿ, ಕರಣೆಯ ಗೆರೆಗಳನ್ನು ಸಪಾಟು ಮಾಡಿ ಕೂರಿಸಬೇಕು. ರಾಳ ಬೆರೆಸಿ ತಯಾರಿಸುವ ಕ್ವಾರ್ಟ್ಜ್ ಚಪ್ಪಡಿಗೆ ಹೆಚ್ಚು ಬಿಸಿ ಆಗದು. ಗ್ಯಾಸ್ ಒಲೆಯ ಹಿಂದೆ ಅದನ್ನು ಏರಿಸುವ ಮುನ್ನ ತಯಾರಕರ ಸೂಚನೆ ಓದಿ. ಸುಲಿದು ಅಂಟಿಸುವ ಪ್ಲಾಸ್ಟಿಕ್ ಹಾಳೆಗಳು ಒಲೆಯ ಹಿಂದೆ ಬೇಡವೇ ಬೇಡ.

ಐದನೆಯ ಹಂತ: ಗಾತ್ರ, ಸಾಲು, ಸಂದು

ಸಣ್ಣ ಟೈಲ್ಸ್ ಎಂದರೆ ಹೆಚ್ಚು ಸಂದು, ಹೆಚ್ಚು ಸಂದು ಎಂದರೆ ಹೆಚ್ಚು ಉಜ್ಜುವ ಕೆಲಸ. ಒಂದು ಚದರ ಮೀಟರ್ ಗೋಡೆಯನ್ನು ತೆಗೆದುಕೊಳ್ಳಿ. 300×600 ಮಿ.ಮೀ. ಟೈಲ್ಸ್ ಹಾಕಿದರೆ ಒಟ್ಟು ಸಂದಿನ ಉದ್ದ ಸುಮಾರು 5 ಮೀಟರ್. 75×150 ಹಾಕಿದರೆ 20 ಮೀಟರ್. 25 ಮಿ.ಮೀ. ಚೌಕದ ಮೊಸಾಯಿಕ್‌ಗೆ ಬಂದರೆ 80 ಮೀಟರ್ ಹತ್ತಿರ. ಮೊಸಾಯಿಕ್ ಚೆಂದವೇ, ಆದರೆ ಒಲೆಯ ಹಿಂದೆ ಅದನ್ನು ಹಾಕುವವರು ಎಣ್ಣೆ ಸಿಡಿಯುವ 80 ಮೀಟರ್ ಗ್ರೌಟನ್ನು, ಅಂದರೆ ಸಂದು ತುಂಬುವ ಗಾರೆಯನ್ನು, ಒಪ್ಪಿಕೊಂಡೇ ಹಾಕಬೇಕು. ಸಿಂಕಿನ ಹಿಂದೆಯೋ ಒಂದು ಮೂಲೆಯಲ್ಲೋ ಹಾಕಿ ಆಸೆ ತೀರಿಸಿಕೊಳ್ಳಬಹುದು.

75×150 ಮಿ.ಮೀ. ಎಂಬ ಅಳತೆ ಬಂದದ್ದು ನ್ಯೂಯಾರ್ಕ್‌ನಿಂದ. ಅಲ್ಲಿನ ಸುರಂಗ ರೈಲು 1904ರಲ್ಲಿ ಆರಂಭವಾದಾಗ ವಾಸ್ತುಶಿಲ್ಪಿಗಳಾದ ಹೈನ್ಸ್ ಮತ್ತು ಲಾಫಾರ್ಜ್ ನಿಲ್ದಾಣಗಳ ಗೋಡೆಗೆ 3×6 ಅಂಗುಲದ ಬಿಳಿ ಗ್ಲೇಜ್ ಟೈಲ್ಸ್ ಹಾಕಿಸಿದರು. ನೆಲದಡಿಯ ಕತ್ತಲಲ್ಲಿ ಬೆಳಕು ಚೆಲ್ಲಲು, ಮಸಿ ಒರೆಸಲು ಅದು ಅನುಕೂಲ. ಕಪಾಟಿನ ನೆರಳಿನಲ್ಲಿರುವ ಗೋಡೆಗೂ ಬೇಕಾದದ್ದು ಇವೇ ಎರಡು ಗುಣ. ಆ ಸುರಂಗ ರೈಲಿನಿಂದಲೇ ಹೆಸರು ಪಡೆದ ಈ ಸಬ್‌ವೇ ಟೈಲ್ಸ್ ಹಳೆಯದಾಯಿತು ಎನ್ನುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಈಗ ಸಾಲಿನ ಲೆಕ್ಕ. ಗೋಡೆ 450 ಮಿ.ಮೀ., ಕಲ್ಲಿನ ಮೇಲೆ 3 ಮಿ.ಮೀ. ಸಂದು, ಟೈಲ್ಸ್ ನಡುವೆ 2 ಮಿ.ಮೀ. ಎಂದಿಟ್ಟುಕೊಳ್ಳಿ. 75ರ ಟೈಲ್ಸ್ ಐದು ಸಾಲಿಗೆ 385 ಮಿ.ಮೀ. ಆಗುತ್ತದೆ, ಆರನೆಯ ಸಾಲಿಗೆ 62 ಉಳಿಯುತ್ತದೆ. ಸ್ವಲ್ಪ ಕತ್ತರಿಸಿದ ಆ ಸಾಲು ಕಪಾಟಿನ ಅಡಿಯಲ್ಲಿ ಹೋಗುವುದರಿಂದ ಯಾರಿಗೂ ತಿಳಿಯುವುದಿಲ್ಲ. 150ರದ್ದಾದರೆ ಎರಡು ಸಾಲಿನ ಮೇಲೆ 143 ಉಳಿದು ಮೂರನೆಯದೂ ಬಹುಮಟ್ಟಿಗೆ ಪೂರ್ಣವಾಗಿಯೇ ಕೂರುತ್ತದೆ. 100ರ ಚೌಕಗಳಲ್ಲಿ ಮಾತ್ರ ನಾಲ್ಕು ಸಾಲಿನ ಮೇಲೆ 39 ಮಿ.ಮೀ. ಪಟ್ಟಿ ಉಳಿಯುತ್ತದೆ. ಅರ್ಧಕ್ಕಿಂತ ಕಿರಿದಾದ ತುಂಡು ಎಲ್ಲಿ ಬಂದರೂ ಲೆಕ್ಕ ತಪ್ಪಿದಂತೆ ಕಾಣುತ್ತದೆ. ನಿಮ್ಮ ಗೋಡೆ 440 ಇದ್ದರೆ ಅದು 29ಕ್ಕೆ ಇಳಿಯುತ್ತದೆ! ಕೊಳ್ಳುವ ಮೊದಲು ಈ ಕೂಡುಕಳೆಯನ್ನು ಕಾಗದದ ಮೇಲೆ ಮಾಡಿ. ಅಡ್ಡಕ್ಕೂ ಹೀಗೆಯೇ: ಒಲೆಯ ಅಥವಾ ಸಿಂಕಿನ ನಡುಗೆರೆಯಿಂದ ಎರಡೂ ಕಡೆಗೆ ಎಣಿಸಿ, ಮೂಲೆಗಳಲ್ಲಿ ಎಷ್ಟು ಉಳಿಯುತ್ತದೆ ನೋಡಿ. ಚೂರು ಉಳಿಯುವುದಾದರೆ ಅರ್ಧ ಟೈಲ್‌ನಷ್ಟು ಆಚೀಚೆ ಸರಿಸಿ.

ಜೋಡಣೆಯ ವಿಚಾರದಲ್ಲಿ ಮುಂದಾಳಿನ ನಿಯಮವೇ ನಡೆಯುತ್ತದೆ. ಕಲ್ಲು ಗದ್ದಲದ್ದಾದರೆ ನೇರ ಸಾಲು ಅಥವಾ ಇಟ್ಟಿಗೆ ಜೋಡಣೆ. ಎಲ್ಲವೂ ಶಾಂತವಾಗಿದ್ದರೆ ಮೀನಿನ ಮುಳ್ಳಿನಂಥ ಓರೆ ಜೋಡಣೆ ಹಾಕಬಹುದು. ತಗ್ಗು ಸೂರಿನ ಅಡುಗೆಮನೆಯಲ್ಲಿ ಉದ್ದ ಟೈಲ್ಸ್‌ಗಳನ್ನು ಲಂಬವಾಗಿ ನಿಲ್ಲಿಸಿದರೆ ಎತ್ತರ ಹೆಚ್ಚಿದಂತೆ ತೋರುತ್ತದೆ. 15 ಅಂಗುಲಕ್ಕಿಂತ ಉದ್ದದ ಟೈಲ್ಸ್ ತನ್ನ ನಡುಭಾಗದಲ್ಲಿ ತುಸು ಉಬ್ಬಿ ಬಾಗಿರುವುದುಂಟು. ಅದನ್ನು ಅರ್ಧಕ್ಕೆ ಅರ್ಧ ಸರಿಸಿ ಜೋಡಿಸಿದರೆ ಒಂದರ ಉಬ್ಬಿದ ನಡು ಇನ್ನೊಂದರ ತಗ್ಗಿದ ತುದಿಗೆ ಬಂದು ಅಂಚುಗಳು ಏರುಪೇರಾಗುತ್ತವೆ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸರಿಸಬೇಡಿ.

ಆರನೆಯ ಹಂತ: ಗ್ರೌಟ್

ಟೈಲ್ಸ್‌ಗೆ ವಾರಗಟ್ಟಲೆ ಯೋಚಿಸಿ ಗ್ರೌಟ್ ಬಣ್ಣವನ್ನು ಕೆಲಸದ ದಿನ ಒಂದು ನಿಮಿಷದಲ್ಲಿ ಹೇಳಿಬಿಡುವುದು ಸಾಮಾನ್ಯ. ಅದೇ ಟೈಲ್ಸ್‌ಗೆ ಗ್ರೌಟ್ ಬದಲಿಸಿದರೆ ಗೋಡೆಯೇ ಬದಲಾಗುತ್ತದೆ. ಬಿಳಿ ಟೈಲ್ಸ್, ಬಿಳಿ ಗ್ರೌಟ್ ಸೇರಿದರೆ ಒಂದು ಮೇಲ್ಮೈ. ಬಿಳಿ ಟೈಲ್ಸ್‌ಗೆ ಕಡುಬೂದು ಗ್ರೌಟ್ ಸೇರಿದರೆ ಅದು ಬಲೆ, ವಿನ್ಯಾಸ, ತಾನೇ ಮಾತನಾಡತೊಡಗುತ್ತದೆ. ಅಂದರೆ ಕಲ್ಲು ಮುಂದಾಳಾಗಿರುವಲ್ಲಿ ಎದ್ದು ಕಾಣುವ ಗ್ರೌಟ್ ಬೇಡ. ಅಲ್ಲಿ ಟೈಲ್ಸ್‌ನ ಬಣ್ಣದ್ದನ್ನೇ ಆರಿಸಿ. ಒಲೆಯ ಹಿಂದೆ ಅಪ್ಪಟ ಬಿಳಿ ಸಿಮೆಂಟ್ ಗ್ರೌಟ್ ಹೆಚ್ಚು ಕಾಲ ಬಿಳಿಯಾಗಿ ಉಳಿಯದು. ಒಂದು ಛಾಯೆ ಕೆಳಗಿನ ತಿಳಿಬೂದು ಹಾಕಿ, ಇಲ್ಲವೇ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿ. ಎಪಾಕ್ಸಿಗೆ ಜಿಡ್ಡು, ಬಣ್ಣ ಇಳಿಯುವುದಿಲ್ಲ. ಅದನ್ನು ಹಾಕಲು ಕೈ ಚುರುಕಾಗಿರಬೇಕು, ಒಣಗಿದ ಮೇಲೆ ಒರೆಸಲಾಗದು, ಆದ್ದರಿಂದ ಅದರಲ್ಲಿ ಪಳಗಿದವರನ್ನೇ ಹುಡುಕಿ.

ಸಂದು 3 ಮಿ.ಮೀ.ಗಿಂತ ಅಗಲವಿದ್ದರೆ ಮರಳು ಬೆರೆತ ಗ್ರೌಟ್, ಕಿರಿದಾಗಿದ್ದರೆ ಮರಳಿಲ್ಲದ್ದು. ಗಾಜು ಮತ್ತು ಹೊಳಪಿನ ಅಮೃತಶಿಲೆಗೆ ಮರಳಿನದು ಗೀರು ಹಾಕಬಲ್ಲದು. ಅಂಚನ್ನು ಯಂತ್ರದಲ್ಲಿ ನೇರಗೊಳಿಸಿದ ಟೈಲ್ಸ್ ಆದರೆ 2 ಮಿ.ಮೀ. ಸಂದು ಸಾಕು.

ಗ್ರೌಟ್ ಹಸಿಯಾಗಿದ್ದಾಗ ಗಾಢ, ಒಣಗಿದಾಗ ತಿಳಿ. ಡಬ್ಬಿಯ ಮೇಲಿನ ಚಿತ್ರವನ್ನು ನಂಬದೆ ನಾಲ್ಕೈದು ಟೈಲ್ಸ್‌ಗಳನ್ನು ಹಲಗೆಯೊಂದಕ್ಕೆ ಅಂಟಿಸಿ, ನಿಜವಾದ ಗ್ರೌಟ್ ತುಂಬಿಸಿ ಒಣಗಲು ಬಿಡಿ. ಎರಡು ಬಣ್ಣಗಳ ನಡುವೆ ಮನಸ್ಸು ತೂಗುತ್ತಿದ್ದರೆ ಹಲಗೆಯ ಒಂದೊಂದು ಬದಿಗೆ ಒಂದೊಂದನ್ನು ತುಂಬಿಸಿ.

ಏಳನೆಯ ಹಂತ: ಗೋಡೆಯ ಮುಂದೆ ನಿಂತು ತೀರ್ಮಾನ

ಆ ಹಲಗೆಯೇ ಈಗ ನಿಮ್ಮ ಮುಖ್ಯ ಸಾಧನ. ಅಂಗಡಿಯ ಪ್ರಖರ ದೀಪದಡಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಮನೆಯ ಬೆಚ್ಚನೆಯ ದೀಪದಡಿ ಬೇರೆಯಾಗಿ ಕಾಣಬಹುದು. ಬಣ್ಣಕ್ಕೆ ಬಳಸಿದ ವಸ್ತುಗಳು ಬೇರೆಯಾದ್ದರಿಂದ ಒಂದು ಬೆಳಕಿನಲ್ಲಿ ಕೂಡಿಬಂದದ್ದು ಇನ್ನೊಂದರಲ್ಲಿ ಒಡೆಯುತ್ತದೆ. ಹಾಗಾಗಿ ಅಂಗಡಿಯಲ್ಲಿ ಪಟ್ಟಿ ಮಾಡಿ, ತೀರ್ಮಾನವನ್ನು ಮನೆಯಲ್ಲೇ ಮಾಡಿ.

ಹಲಗೆಯನ್ನು ಕಟ್ಟೆಯ ಮೇಲೆ ಮಲಗಿಸಿ ನೋಡಬೇಡಿ. ಮಲಗಿದ ಮೇಲ್ಮೈಗೆ ಮೇಲಿನ ಬೆಳಕು ನೇರವಾಗಿ ಬೀಳುವುದರಿಂದ ಬಣ್ಣ ತಿಳಿಯಾಗುತ್ತದೆ. ಅದನ್ನೇ ಗೋಡೆಗೆ ನಿಲ್ಲಿಸಿದಾಗ, ಅದರಲ್ಲೂ ಕಪಾಟಿನ ನೆರಳಿನಲ್ಲಿ, ಒಂದೆರಡು ಛಾಯೆ ಗಾಢವಾಗಿಬಿಡುತ್ತದೆ. ಗೋಡೆಗೊರಗಿಸಿ ನಿಲ್ಲಿಸಿ. ಬೆಳಿಗ್ಗೆ, ನಡುಹಗಲು, ರಾತ್ರಿ ದೀಪ ಹಚ್ಚಿದ ಮೇಲೆ ನೋಡಿ. ಮೂರು ಹೊತ್ತಿನಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುವ ಹೊತ್ತು ಯಾವುದು ಎಂದು ಗಮನಿಸಿ, ಆ ಹೊತ್ತಿನಲ್ಲೂ ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ.

ಕಪಾಟಿನ ಅಡಿಯಲ್ಲಿ ಎಲ್‌ಇಡಿ ಪಟ್ಟಿ ಹಾಕುವ ಯೋಚನೆ ಇದ್ದರೆ ಅದನ್ನೂ ಹಚ್ಚಿ ನೋಡಿ. ಹೊಳಪಿನ ಟೈಲ್ಸ್ ಒಂದೊಂದು ದೀಪದ ಚುಕ್ಕೆಯನ್ನೂ ಕನ್ನಡಿಯಂತೆ ತೋರಿಸುತ್ತದೆ; ಹಾಲುಬಣ್ಣದ ಮುಚ್ಚಳವಿರುವ ಪಟ್ಟಿ ಹಾಕಿದರೆ ಚುಕ್ಕೆಗಳು ಕರಗುತ್ತವೆ. ಗೋಡೆಗೆ ಒತ್ತಿಕೊಂಡು ಬೀಳುವ ಬೆಳಕು ಅಂಚುಗಳ ಸಣ್ಣ ಏರುಪೇರನ್ನೂ ನೆರಳಾಗಿ ಹಿಗ್ಗಿಸುವುದರಿಂದ ಪಟ್ಟಿಯನ್ನು ಕಪಾಟಿನ ಮುಂಭಾಗದತ್ತ ಕೂರಿಸಿ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ 2700ರಿಂದ 3000 ಬೆಚ್ಚನೆಯ ಬೆಳಕು, 4000 ತಟಸ್ಥ. ಬಣ್ಣ ತೋರಿಸುವ ಗುಣದ ಅಂಕ (ಸಿಆರ್‌ಐ) 90ಕ್ಕಿಂತ ಮೇಲಿರುವ ದೀಪದಲ್ಲಿ ಮರವೂ ಕಲ್ಲೂ ತಮ್ಮ ನಿಜ ಬಣ್ಣಕ್ಕೆ ಹತ್ತಿರವಾಗಿ ಕಾಣುತ್ತವೆ.

ಹಲಗೆ ಅಲ್ಲೇ ಇರುವಾಗ ಇನ್ನೊಂದು ಪರೀಕ್ಷೆ ಮುಗಿಸಿಬಿಡಿ. ಬೆರಳಲ್ಲಿ ತುಸು ಎಣ್ಣೆ ಸವರಿ, ಒಂದು ರಾತ್ರಿ ಬಿಟ್ಟು, ನೀವು ದಿನವೂ ಬಳಸುವ ಬಟ್ಟೆಯಲ್ಲೇ ಒರೆಸಿ. ಆಳವಾದ ಉಬ್ಬುತಗ್ಗಿನ ಟೈಲ್ಸ್, ಒರಟು ಮೈಯ ಮ್ಯಾಟ್ ಟೈಲ್ಸ್ ಜಿಡ್ಡನ್ನು ಎಷ್ಟು ಹಿಡಿದಿಟ್ಟುಕೊಳ್ಳುತ್ತವೆ ಎಂಬುದು ಆಗಲೇ ಗೊತ್ತಾಗುತ್ತದೆ.

ಎಂಟನೆಯ ಹಂತ: ಅಂಚು, ಸ್ವಿಚ್, ಒಲೆಯ ಹಿಂಭಾಗ

ಟೈಲ್ಸ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲೇ ಗೆರೆ ಎಳೆದು ನೋಡಿ. ಮೇಲಿನ ಕಪಾಟು ಮುಗಿಯುವಲ್ಲಿಗೋ ಕಟ್ಟೆಕಲ್ಲು ಮುಗಿಯುವಲ್ಲಿಗೋ? ಎರಡೂ ಒಂದೇ ಗೆರೆಯಲ್ಲಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಒಂದನ್ನು ಆರಿಸಿ ಅಡುಗೆಮನೆಯ ಉದ್ದಕ್ಕೂ ಅದನ್ನೇ ಪಾಲಿಸಿ. ತೆರೆದ ಅಂಚಿಗೆ ದುಂಡಗಿನ ಅಂಚಿನ ಟೈಲ್ಸ್ ಅಥವಾ ತೆಳು ಲೋಹದ ಪಟ್ಟಿ ಬೇಕಾಗುತ್ತದೆ. ನೀವು ಆರಿಸಿದ ಟೈಲ್ಸ್‌ಗೆ ದುಂಡಂಚಿನ ಜೊತೆಗಾರ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಅದು ಸಿಗದೆ, ಹತ್ತಿರದ ಬಣ್ಣದ ಬೇರೊಂದನ್ನು ತಂದು ಸೇರಿಸಿದರೆ ಇಷ್ಟು ಹೊತ್ತು ಬೇಡವೆಂದದ್ದೇ ಅಂಚಿನಲ್ಲಿ ಬಂದು ಕೂರುತ್ತದೆ. ಲೋಹದ ಪಟ್ಟಿಯಾದರೆ ಹಿಡಿಕೆಗಳ ಬಣ್ಣದ್ದು ಹಾಕಿ.

ಕಲ್ಲಿನ ಜೊತೆ ಗೋಡೆಗೆ ನಾಲ್ಕು ಅಂಗುಲದ ಕಲ್ಲಿನ ಪಟ್ಟಿ ಬರುವುದುಂಟು. ಪೂರ್ತಿ ಟೈಲ್ಸ್ ಹಾಕುವವರು ಅದನ್ನು ಬೇಡವೆನ್ನಿ. ಒಂದೂವರೆ ಅಡಿಯ ಗೋಡೆಯಲ್ಲಿ ನಾಲ್ಕಂಗುಲ ಕಲ್ಲು, ಅದರ ಮೇಲೆ ಟೈಲ್ಸ್ ಬಂದರೆ ಗೋಡೆ ತುಂಡುತುಂಡಾಗುತ್ತದೆ.

ಸ್ವಿಚ್‌ಬೋರ್ಡುಗಳ ಜಾಗ, ಬಣ್ಣ ಎರಡನ್ನೂ ಟೈಲ್ಸ್ ಕೆಲಸಕ್ಕೆ ಮುಂಚೆ ಇತ್ಯರ್ಥ ಮಾಡಿ. ಕಡುಬಣ್ಣದ ಗೋಡೆಯ ನಡುವೆ ಬಿಳಿ ಪ್ಲೇಟುಗಳು ಸಾಲಾಗಿ ಬಂದರೆ ಕಣ್ಣು ಮೊದಲು ಹೋಗುವುದು ಅವುಗಳ ಮೇಲೆಯೇ. ಎಲ್ಲ ಬೋರ್ಡುಗಳೂ ಒಂದೇ ಎತ್ತರದಲ್ಲಿದ್ದು, ಸಾಧ್ಯವಾದರೆ ಸಂದಿನ ಗೆರೆಗೆ ಹೊಂದಿಕೊಳ್ಳಲಿ.

ಒಲೆಗೂ ಚಿಮಣಿಗೂ ನಡುವೆ ಸಾಮಾನ್ಯವಾಗಿ 650ರಿಂದ 750 ಮಿ.ಮೀ. ಅಂತರವಿರುತ್ತದೆ. ಅಲ್ಲಿ ಟೈಲ್ಸ್ ಚಿಮಣಿಯ ತಳದವರೆಗೂ ಏರಲಿ. ಆ ಎತ್ತರದ ಜಾಗಕ್ಕೆ ಬೇರೆ ವಿನ್ಯಾಸ ಹಾಕಿ ಚೌಕಟ್ಟು ಕಟ್ಟುವ ಆಸೆ ಬಂದರೆ ಮೂರನೆಯ ಹಂತವನ್ನು ಮತ್ತೊಮ್ಮೆ ಓದಿ. ಕಲ್ಲೂ ಕಪಾಟೂ ಸುಮ್ಮನಿದ್ದರೆ ಮಾತ್ರ ಅದಕ್ಕೆ ಅವಕಾಶ.

ಕೊನೆಯ ಹಂತ: ಕೊಳ್ಳುವುದು, ಹಾಕಿಸುವುದು

ಗೋಡೆಯ ವಿಸ್ತೀರ್ಣಕ್ಕೆ ಶೇ. 10 ಸೇರಿಸಿ ಕೊಳ್ಳಿ. ಓರೆ ಜೋಡಣೆಗಾದರೆ ಶೇ. 15. ಎಲ್ಲ ಪೆಟ್ಟಿಗೆಗಳ ಮೇಲಿನ ಬ್ಯಾಚ್, ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ನೀವೇ ಓದಿ ನೋಡಿ. ಬೇರೆ ಬ್ಯಾಚಿನ ಅದೇ ಟೈಲ್ಸ್ ತುಸು ಬೇರೆ ಬಣ್ಣದ್ದಾಗಿರುತ್ತದೆ. ಕೆಲವು ಪೆಟ್ಟಿಗೆಗಳ ಮೇಲೆ ವಿ1ರಿಂದ ವಿ4ರವರೆಗೆ ಗುರುತಿರುತ್ತದೆ: ವಿ1 ಎಂದರೆ ಎಲ್ಲ ತುಂಡುಗಳೂ ಒಂದೇ ಬಣ್ಣ, ವಿ4 ಎಂದರೆ ತುಂಡಿಂದ ತುಂಡಿಗೆ ಭಾರೀ ವ್ಯತ್ಯಾಸ. ವಿ3, ವಿ4 ಆದರೆ ಒಂದೇ ಮಾದರಿ ನೋಡಿ ಒಪ್ಪಬೇಡಿ, ಒಂದು ಪೆಟ್ಟಿಗೆಯನ್ನಾದರೂ ಬಿಚ್ಚಿ ಹರಡಿಸಿ. ಹಾಕುವ ದಿನವೂ ಮೂರ್ನಾಲ್ಕು ಪೆಟ್ಟಿಗೆಗಳಿಂದ ಕಲೆಸಿ ತೆಗೆದುಕೊಳ್ಳುವಂತೆ ಮೇಸ್ತ್ರಿಗೆ ಹೇಳಿ. ಇಲ್ಲದಿದ್ದರೆ ಒಂದು ಪೆಟ್ಟಿಗೆಯ ಗಾಢ ತುಂಡುಗಳೆಲ್ಲ ಒಂದೇ ಕಡೆ ಗುಂಪಾಗುತ್ತವೆ.

ಗೋಡೆ ಸಪಾಟಾಗಿದೆಯೇ ಎಂದು ಉದ್ದ ಮಟ್ಟಗೋಲು ಒತ್ತಿ ನೋಡಬೇಕು. ದೊಡ್ಡ ಟೈಲ್ಸ್‌ಗೆ 3 ಮೀಟರ್ ಉದ್ದದಲ್ಲಿ 3 ಮಿ.ಮೀ.ಗಿಂತ ಹೆಚ್ಚು ಏರುಪೇರು ಸಲ್ಲದು. ಕಲ್ಲಿನ ಟೈಲ್ಸ್‌ಗೆ ಗ್ರೌಟ್ ತುಂಬುವ ಮೊದಲೇ ಒಂದು ಸಲ ಸೀಲರ್ ಬಳಿಯಬೇಕು, ಇಲ್ಲದಿದ್ದರೆ ಗ್ರೌಟ್‌ನ ಬಣ್ಣ ಕಲ್ಲಿಗೇ ಇಳಿಯುತ್ತದೆ. ಕಟ್ಟೆಕಲ್ಲಿಗೂ ಮೊದಲ ಸಾಲಿಗೂ ನಡುವಿನ ಸಂದಿಗೆ ಗ್ರೌಟ್ ಬೇಡ. ಕಲ್ಲೂ ಗೋಡೆಯೂ ಬೇರೆಬೇರೆಯಾಗಿ ಅಲುಗುವುದರಿಂದ ಅಲ್ಲಿ ಗ್ರೌಟ್ ಬಿರುಕು ಬಿಟ್ಟು ನೀರು ಹಿಂದಕ್ಕೆ ಇಳಿಯುತ್ತದೆ. ಗ್ರೌಟ್‌ನದೇ ಬಣ್ಣದ ಸಿಲಿಕೋನ್ ತುಂಬಿಸಿ. ಗೋಡೆಗಳು ಸೇರುವ ಒಳಮೂಲೆಗೂ ಸಿಲಿಕೋನೇ ಸರಿ.

ಮಿಕ್ಕ ಟೈಲ್ಸ್‌ನಲ್ಲಿ ಹತ್ತನ್ನಾದರೂ ಪೆಟ್ಟಿಗೆಯ ಸಮೇತ ಎತ್ತಿಡಿ. ಟೈಲ್ಸ್‌ನ ಹೆಸರು, ಬ್ಯಾಚ್ ಸಂಖ್ಯೆ, ಗ್ರೌಟ್‌ನ ತಯಾರಕರು ಮತ್ತು ಬಣ್ಣದ ಸಂಖ್ಯೆ ಇಷ್ಟನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮುಂದೆ ಒಂದು ಪ್ಲಗ್ ಪಾಯಿಂಟ್ ಸರಿಸಬೇಕಾದಾಗಲೋ ಒಂದು ತುಂಡು ಬಿರುಕು ಬಿಟ್ಟಾಗಲೋ ಆ ಹತ್ತು ಟೈಲ್ಸ್ ಇದ್ದರೆ ಅರ್ಧ ದಿನದ ದುರಸ್ತಿಯಲ್ಲಿ ಕೆಲಸ ಮುಗಿಯುತ್ತದೆ.